ಬಾಗುಂದಿ ಎಂದು ಬರೆದ ಕೈ

ರತ್ನಮ್ಮನ ಬಲಗೈಯ ತೋರುಬೆರಳು ಪೂರ್ತಿ ಮಡಚುವುದಿಲ್ಲ. ನಡುಗೆಣ್ಣಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಬಿಳಿಯ ಗಾಯದ ಗುರುತಿದೆ. ಕೇಳಿದವರಿಗೆ ಅವಳು ಈಳಿಗೆಮಣೆ ತಗುಲಿತು ಎನ್ನುತ್ತಾಳೆ. ಈಳಿಗೆಯ ಅಲಗಿಗೆ ಹಲ್ಲಿರುವುದಿಲ್ಲ, ಈ ಗುರುತಿನಲ್ಲಿ ನಾಲ್ಕು ಹಾಲುಹಲ್ಲುಗಳನ್ನು ಎಣಿಸಬಹುದು. ಆದರೂ ಯಾರೂ ಹೆಚ್ಚು ಕೆದಕಿ ಕೇಳುವುದಿಲ್ಲ. ಆಯಾ ಕೆಲಸ ಮಾಡಿದವಳ ಬೆರಳಿನ ಚರಿತ್ರೆ ಯಾರಿಗೆ ಬೇಕಾಗಿದೆ?

ಊರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದವನು, ಲಾರಿಯ ಜೊತೆ ವಿಜಯವಾಡದ ಒನ್ ಟೌನ್‌ಗೆ ಹೋಗಿ ಸರಕು ಇಳಿಸಿ ಬರುತ್ತಿದ್ದ. ಅಲ್ಲಿಯ ಸಗಟು ಅಂಗಡಿಯೊಂದರ ಗುಮಾಸ್ತ ಕಾಮೇಶ್ವರನನ್ನು ನೋಡಿ, ಹುಡುಗ ಒಳ್ಳೆಯವನು, ಕುಡಿತವಿಲ್ಲ, ಬೀಡಿಯಿಲ್ಲ ಎಂದು ಮಗಳನ್ನು ಕೊಟ್ಟುಬಿಟ್ಟ. ಹುಡುಗನಿಗೆ ಕನ್ನಡವೂ ಬರುವುದಿಲ್ಲ ಎಂಬುದನ್ನು ಮಾತ್ರ ಹೇಳಲು ಮರೆತ. ಏಳನೆಯ ಕ್ಲಾಸಿನವರೆಗೆ ಕನ್ನಡ ಓದಿದ್ದ ಹುಡುಗಿ ಒನ್ ಟೌನಿನ ಗಲ್ಲಿಯಲ್ಲಿ ಅತ್ತೆಯ ಬಾಯಿ ನೋಡಿ ನೋಡಿ ತೆಲುಗು ಕಲಿತಳು. ಲಿಪಿ ಕಲಿಯುವುದು ಕಷ್ಟವಾಗಲಿಲ್ಲ, ಎರಡೂ ಅಕ್ಷರಗಳು ಅಕ್ಕತಂಗಿಯರ ಹಾಗೇ ಇವೆ. ಆಮೇಲೆ ಕಾಮೇಶ್ವರನಿಗೆ ವಿಶಾಖಪಟ್ಟಣದಲ್ಲಿ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಟೌನ್‌ಶಿಪ್ಪಿನಲ್ಲಿ ಮನೆ ಸಿಕ್ಕಿತು, ಹಿಮಬಿಂದು ಎಂಬ ಮಗಳು ಹುಟ್ಟಿದಳು.

ಮಗಳಿಗೆ ಕನ್ನಡ ಅಕ್ಷರ ಕಲಿಸಬೇಕೆಂದು ರತ್ನಮ್ಮ ಒಮ್ಮೆ ಸ್ಲೇಟು ಹಿಡಿದು ಕೂತಿದ್ದಳು. "ಎರಡೂ ಒಂದೇ ಥರ ಇವೆ, ಮಗು ಎರಡನ್ನೂ ಕಲಸಿಬಿಡ್ತದೆ" ಎಂದು ಕಾಮೇಶ್ವರ ಅಂದ. ಸರಿ ಎಂದು ಅವಳು ಸ್ಲೇಟು ಒರೆಸಿ ಎತ್ತಿಟ್ಟಳು. ಮನೆಯಲ್ಲಿ ಅಡುಗೆಯ ಕನ್ನಡ, ಜ್ವರದ ಕನ್ನಡ, ಬೈಗುಳದ ಕನ್ನಡ ಉಳಿಯಿತು. ಮಗಳು ಕೇಳಿ ಅರ್ಥಮಾಡಿಕೊಂಡು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು. ಇದರಿಂದ ಮುಂದೆ ಏನಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು!

ಬಿಂದುವಿಗೆ ಹತ್ತು ವರ್ಷವಾಗಿದ್ದಾಗ ಕಾಮೇಶ್ವರ ಎದೆನೋವೆಂದು ಮಲಗಿದವನು ಏಳಲಿಲ್ಲ. ಟೌನ್‌ಶಿಪ್ಪಿನ ಮಹಿಳಾ ಮಂಡಳಿಯವರು ಅಧಿಕಾರಿಗಳ, ನೌಕರರ ಪುಟ್ಟ ಮಕ್ಕಳಿಗಾಗಿ ಒಂದು ಶಿಶುವಿಹಾರ ನಡೆಸುತ್ತಿದ್ದರು. ಅಲ್ಲಿ ಆಯಾ ಕೆಲಸ ಕೊಟ್ಟರು, ಇರಲು ಒಂದು ಕೋಣೆಯ ಕ್ವಾರ್ಟರ್ಸ್ ಕೊಟ್ಟರು. ಕೆಲಸ ಇರುವವರೆಗೆ ಮನೆ, ಇದು ಕರಾರು. ಹತ್ತು ವರ್ಷ ಅವಳು ಅಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳ ಮೂಗು ಒರೆಸಿದಳು, ಚಡ್ಡಿ ಬದಲಿಸಿದಳು, ಊಟ ಮಾಡಿಸಿದಳು. ಡಿಗ್ರಿ ಮುಗಿಸಿದ ಬಿಂದು ಕೂಡ ಅಲ್ಲೇ ಸಹಾಯಕ ಟೀಚರಾಗಿ ಸೇರಿದಳು. ತಾಯಿ ಮಗಳು ಒಂದೇ ತರಗತಿಯಲ್ಲಿ, ಇಪ್ಪತ್ತೆರಡು ಮಕ್ಕಳ ನಡುವೆ.

ರತ್ನಮ್ಮನ ಕೆಲಸದಲ್ಲಿ ಮೂರು ವಿಷಯಗಳಿಗೆ ಹೆಸರು. ಒಂದು, ಬೆಳಿಗ್ಗೆಯ ಗೇಟು. ಎಂಟೂವರೆಗೆ ಪ್ರತಿ ಮಗುವಿನ ಹಣೆ ಮುಟ್ಟುವುದು, ಅಂಗಿ ಎತ್ತಿ ಹೊಟ್ಟೆ ನೋಡುವುದು, ಬಾಯಿ ತೆರೆಸುವುದು, ಆಮೇಲೆ ರಿಜಿಸ್ಟರಿನಲ್ಲಿ ಮಗುವಿನ ಹೆಸರಿನ ಮುಂದೆ ತೆಲುಗಿನಲ್ಲಿ 'ಬಾಗುಂದಿ' ಎಂದು ಬರೆಯುವುದು. ಚೆನ್ನಾಗಿದೆ ಎಂದರ್ಥ. ಆ ಒಂದು ಪದ ಬಿದ್ದರೆ ಮಗು ಒಳಕ್ಕೆ, ಇಲ್ಲದಿದ್ದರೆ ಮನೆಗೆ. ಎರಡನೆಯದು, ಕೈತುತ್ತು. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅನ್ನ ಕಲಸಿ ಒಬ್ಬೊಬ್ಬರ ಬಾಯಿಗೂ ಸಣ್ಣ ಸಣ್ಣ ಉಂಡೆ. ಮನೆಯಲ್ಲಿ ತಟ್ಟೆ ಒದೆಯುವ ಮಕ್ಕಳೂ ಅವಳ ಮುಂದೆ ಬಾಯಿ ತೆರೆದುಕೊಂಡು ಗುಬ್ಬಿಮರಿಗಳ ಹಾಗೆ ಕೂರುತ್ತಿದ್ದವು.

ಮೂರನೆಯದು, ಅವಳ ಬಾಯಿಗೆ ಹಾಕಿದ ಬೀಗ. ಆ ವಯಸ್ಸಿನ ಮಕ್ಕಳು ಕಚ್ಚುತ್ತವೆ. ಮಾತು ಬರುವ ಮೊದಲು ಹಲ್ಲು ಬಂದಿರುತ್ತದಲ್ಲ, ಹೇಳಬೇಕಾದ್ದನ್ನು ಹಲ್ಲಿನಲ್ಲಿ ಹೇಳುತ್ತವೆ. ಕಚ್ಚಿಸಿಕೊಂಡ ಮಗುವಿನ ತಾಯಿಗೆ ರತ್ನಮ್ಮ ಗಾಯ ತೋರಿಸುತ್ತಿದ್ದಳು, ತೊಳೆದು ಐಸ್ ಇಟ್ಟೆ ಎನ್ನುತ್ತಿದ್ದಳು. ಕಚ್ಚಿದ್ದು ಯಾರೆಂದು ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ ಅಪ್ಪಂದಿರ ಆಫೀಸಿನವರೆಗೂ ಜಗಳ ಹೋಗುತ್ತದೆ, ನಾಳೆಯಿಂದ ಆ ಮಗುವಿನ ಜೊತೆ ಆಡಬೇಡ ಎಂದು ಇಪ್ಪತ್ತು ಮನೆಗಳಲ್ಲಿ ಹೇಳಿಕೊಡುತ್ತಾರೆ. ಎರಡೂವರೆ ವರ್ಷದ ಮಗುವನ್ನು ಊರಿಗೆಲ್ಲ ಅಪರಾಧಿ ಮಾಡುವುದು ಅವಳಿಗೆ ಆಗದ ಕೆಲಸ.

ಎರಡು ಸಾವಿರದ ಎರಡನೆಯ ಇಸವಿಯ ಜೂನ್‌ನಲ್ಲಿ ಶ್ರೇಯಸ್ ಬಂದ. ಅಪ್ಪ ನಿರಂಜನ, ಮೈಸೂರಿನವನು, ಕಾರ್ಖಾನೆಯಲ್ಲಿ ಇಂಜಿನಿಯರ್. ಅಮ್ಮ ಅಮೂಲ್ಯ, ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಗೇಟಿನಲ್ಲಿ ರತ್ನಮ್ಮ ಮಗುವಿಗೆ ತನಗರಿವಿಲ್ಲದೆ "ಬಾ ಕಂದಾ" ಅಂದಾಗ ಅಮೂಲ್ಯಳ ಕಣ್ಣಲ್ಲಿ ನೀರೇ ಬಂತು. "ಅಯ್ಯೋ, ನೀವು ಕನ್ನಡದವ್ರಾ ಅಕ್ಕಾ? ಇನ್ನು ನಂಗೆ ಚಿಂತೆಯಿಲ್ಲ ಬಿಡಿ" ಅಂದಳು. ರತ್ನಮ್ಮನಿಗೂ ಎದೆ ತುಂಬಿತು. ಹೊರಗಡೆ ಹತ್ತು ವರ್ಷದಿಂದ ಯಾರೂ ಅವಳನ್ನು ಕನ್ನಡದಲ್ಲಿ ಅಕ್ಕಾ ಎಂದಿರಲಿಲ್ಲ. ಅಂದಿನಿಂದ ಸಂಕ್ರಾಂತಿಯ ಎಳ್ಳಿನ ಮಾತು, ತಿಪಟೂರಿನ ಮಾತು, ಮೈಸೂರಿನ ಮಾತು. ಸಂಬಳದ ಆಯಾ ನಮ್ಮೋಳಾದಳು. ಹೀಗೆ ನಮ್ಮೋಳಾಗುವುದರಲ್ಲಿ ಎಂಥ ಖರ್ಚಿದೆ ಎಂದು ನಿಧಾನಕ್ಕೆ ತಿಳಿಯುತ್ತದೆ.

ಶ್ರೇಯಸ್ ಕಚ್ಚುತ್ತಿದ್ದ. ಜುಲೈನಲ್ಲಿ ಐದು ಸಲ ಕಚ್ಚಿದ. ಐದನೆಯ ಸಲ ಕಚ್ಚಿದ್ದು ಮಂಡಳಿಯ ಅಧ್ಯಕ್ಷೆ ರಾಜ್ಯಲಕ್ಷ್ಮಿಯವರ ಮೊಮ್ಮಗಳ ಕೆನ್ನೆಯನ್ನು. ರಾಜ್ಯಲಕ್ಷ್ಮಿಯವರ ಯಜಮಾನರು ನಿರಂಜನನ ವಿಭಾಗಕ್ಕೇ ದೊಡ್ಡ ಅಧಿಕಾರಿ. ಆಕೆ ಸ್ವತಃ ಬಂದು ನಿಂತು, "ಯಾರು ಕಚ್ಚಿದ್ದು? ಹೆಸರು ಹೇಳು" ಎಂದು ತೆಲುಗಿನಲ್ಲಿ ಗದರಿದರು.

"ಮಕ್ಕಳು ಅಮ್ಮಗಾರೂ. ಹೆಸರು ಬೇಡ. ಇನ್ನೊಂದು ಸಲ ಆಗದ ಹಾಗೆ ನಾನು ನೋಡ್ಕೋತೀನಿ" ಎಂದಳು ರತ್ನಮ್ಮ.

ಆಕೆ ಮುಖ ಕೆಂಪು ಮಾಡಿಕೊಂಡು ಹೋದರು. ರತ್ನಮ್ಮ ಮಾತು ಉಳಿಸಿಕೊಂಡಳು. ಒಂದು ವಾರ ಕೂತು ಗಮನಿಸಿದಳು. ಹನ್ನೊಂದೂವರೆ ಹೊತ್ತಿಗೆ, ಹೊಟ್ಟೆ ಹಸಿದಾಗ, ಸುತ್ತ ಮಕ್ಕಳು ಮುತ್ತಿಕೊಂಡಾಗ ಹುಡುಗ ಕಚ್ಚುತ್ತಾನೆ. ಹನ್ನೊಂದಕ್ಕೇ ಅವನ ಕೈಗೆ ಒಂದು ರಸ್ಕ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದಳು. ಆಗಸ್ಟ್ ಮುಗಿಯುವ ಹೊತ್ತಿಗೆ ಕಚ್ಚುವುದು ನಿಂತೇಹೋಯಿತು. ಹುಡುಗ ಅವಳನ್ನು ರತ್ನಜ್ಜಿ ಎಂದು ಕರೆಯುತ್ತಿದ್ದ. ಅಮೂಲ್ಯ ಕೈ ಹಿಡಿದುಕೊಂಡು, "ನೀವು ಹೆಸರು ಹೇಳಿದ್ದಿದ್ರೆ ಇವ್ರ ಗತಿ ಏನಾಗ್ತಿತ್ತೋ ಅಕ್ಕಾ. ಈ ಋಣ ಯಾವತ್ತೂ ಮರೆಯಲ್ಲ" ಎಂದಿದ್ದಳು. ಅವಳು ಮರೆಯಲಿಲ್ಲ ಅನ್ನುವುದಂತೂ ನಿಜ. ಈ ಹೆಂಗಸು ಬಾಯಿ ಬಿಡುವುದಿಲ್ಲ ಎಂಬುದನ್ನು ಚೆನ್ನಾಗಿಯೇ ನೆನಪಿಟ್ಟುಕೊಂಡಳು.

ಸೆಪ್ಟೆಂಬರಿನಲ್ಲಿ ಶಿಶುವಿಹಾರದಲ್ಲಿ ಸೀತಾಳೆ ಸಿಡುಬು ಒಬ್ಬರಿಂದೊಬ್ಬರಿಗೆ ಹರಡಿ ಹನ್ನೊಂದು ಮಕ್ಕಳು ಮಲಗಿದವು. ಮಂಡಳಿಯವರು ಹೊಸ ನಿಯಮ ಮಾಡಿ ಗೇಟಿಗೆ ಅಂಟಿಸಿದರು. ಜ್ವರವಿರುವ ಮಗುವನ್ನು ತರಬಾರದು, ಮುಚ್ಚಿಟ್ಟು ತಂದರೆ ಆ ಮಗುವಿನ ಸೀಟು ರದ್ದು, ಗೊತ್ತಿದ್ದೂ ಸೇರಿಸಿಕೊಂಡ ಸಿಬ್ಬಂದಿಗೆ ಕೆಲಸ ಇಲ್ಲ. ರತ್ನಮ್ಮ ಆ ಕಾಗದವನ್ನು ದಿನಾ ನೋಡುತ್ತಿದ್ದಳು. ಅಂಟು ಹಚ್ಚಿದ್ದೇ ಅವಳು.

ಅಕ್ಟೋಬರಿನ ಒಂದು ಗುರುವಾರ ಅಮೂಲ್ಯ ಕೊನೆಯವಳಾಗಿ ಬಂದಳು. ಆಟೋ ಹೊರಗೆ ನಿಂತೇ ಇತ್ತು. ರತ್ನಮ್ಮ ಹುಡುಗನ ಹಣೆ ಮುಟ್ಟಿದಳು. ತಣ್ಣಗಿತ್ತು, ಆದರೆ ಬೆವರಿನ ತಣ್ಣಗೆ. ಬಾಯಿ ತೆರೆಸಿದರೆ ಕಿತ್ತಳೆ ವಾಸನೆಯ ಸಿರಪ್ಪು ಘಮ್ಮೆಂದಿತು. ಹತ್ತು ವರ್ಷದಲ್ಲಿ ಇಂಥ ಬಾಯಿಗಳನ್ನು ಅವಳು ಎಷ್ಟು ನೋಡಿಲ್ಲ! ಬೆಳಿಗ್ಗೆ ಸಿರಪ್ಪು ಕುಡಿಸಿ ಜ್ವರ ಅದುಮಿ ತಂದು ಬಿಡುತ್ತಾರೆ, ಮಧ್ಯಾಹ್ನ ಔಷಧಿ ಇಳಿದ ಕೂಡಲೇ ಮೈ ಕಾದ ಹಂಚಾಗುತ್ತದೆ.

"ಏನವ್ವಾ ಇದು? ಜ್ವರ ಐತೆ ಮಗಂಗೆ" ಎಂದಳು.

ಅಮೂಲ್ಯ ದನಿ ತಗ್ಗಿಸಿದಳು. "ಅಕ್ಕಾ, ಸಣ್ಣದು ಅಷ್ಟೇ. ಇವತ್ತು ಬ್ಯಾಂಕಲ್ಲಿ ಇನ್‌ಸ್ಪೆಕ್ಷನ್, ರಜೆ ಕೇಳಿದ್ರೆ ಕೆಲಸಾನೇ ಹೋಗತ್ತೆ. ಇವ್ರು ಫಸ್ಟ್ ಶಿಫ್ಟು. ಚೀಟಿ ಬರೆದು ಬ್ಯಾಗಲ್ಲಿಟ್ಟಿದೀನಿ, ಔಷಧೀನೂ ಇದೆ. ನಿಮ್ಮನ್ನ ಬಿಟ್ರೆ ಈ ಊರಲ್ಲಿ ನಂಗೆ ಯಾರಿದಾರೆ ಹೇಳಿ? ಇವತ್ತೊಂದು ದಿನ ಅಕ್ಕಾ, ಪ್ಲೀಸ್."

ಇದೇ ಮಾತನ್ನು ತೆಲುಗಿನಲ್ಲಿ ಬೇರೆ ಯಾವ ತಾಯಿ ಆಡಿದ್ದರೂ ರತ್ನಮ್ಮ ಮಗುವನ್ನು ವಾಪಸು ಕಳಿಸುತ್ತಿದ್ದಳು. ಆ ತಿಂಗಳಲ್ಲೇ ನಾಲ್ವರನ್ನು ಕಳಿಸಿದ್ದಳು. ಆದರೆ ಅಕ್ಕಾ ಎಂಬ ಆ ಒಂದು ಮಾತಿಗೆ ಅವಳ ಕೈ ಸೋತಿತು. ಬೇರೆಯವರ ಮಗುವಾದರೆ ನಿಯಮ, ನಮ್ಮವರ ಮಗುವಾದರೆ ಕರುಣೆ. ಇದು ಅವಳ ತಪ್ಪೇ, ಅದನ್ನು ಮುಚ್ಚಿ ಹೇಳುವ ಅಗತ್ಯ ನನಗಿಲ್ಲ. ಇನ್ನು ಇಪ್ಪತ್ತೊಂದು ಮಕ್ಕಳು ಅದೇ ಕೋಣೆಯಲ್ಲಿದ್ದವು. ರತ್ನಮ್ಮ ಪೆನ್ನು ತೆಗೆದು ಶ್ರೇಯಸ್ ಹೆಸರಿನ ಮುಂದೆ 'ಬಾಗುಂದಿ' ಎಂದು ಬರೆದಳು.

ಒಳಗೆ ಹೋಗಿ ಚೀಟಿ ತೆಗೆದು ನೋಡಿದಳು. ಕನ್ನಡದಲ್ಲಿ, ಗಡಿಬಿಡಿಯ ಅಕ್ಷರದಲ್ಲಿ ಹೀಗಿತ್ತು: "ಅಕ್ಕಾ, ರಾತ್ರಿ ಮೈ ಬೆಚ್ಚಗಿತ್ತು. ಎಂಟಕ್ಕೆ ಹಾಕಿದ್ದೀನಿ. ಹನ್ನೆರಡಕ್ಕೆ ಇನ್ನೊಂದು ಸಲ ಐದು ಎಂ.ಎಲ್. ಹಾಕಿಬಿಡಿ. ಯಾರಿಗೂ ಹೇಳಬೇಡಿ." ಸಿರಪ್ಪನ್ನು ಗ್ರೈಪ್ ವಾಟರ್ ಬಾಟಲಿಗೆ ಸುರಿದು ಇಟ್ಟಿದ್ದಳು. ಉಳಿದವರು ಬ್ಯಾಗು ತೆರೆದರೂ ತಿಳಿಯದಿರಲೆಂದು ಬಾಟಲಿಯೂ ಬೇರೆ, ಭಾಷೆಯೂ ಬೇರೆ. ರತ್ನಮ್ಮ ಚೀಟಿಯನ್ನು ಮಡಿಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಹನ್ನೊಂದರವರೆಗೆ ಹುಡುಗ ಆಡಿಕೊಂಡಿದ್ದ. ಆಮೇಲೆ ಅವಳ ಮಡಿಲಿಗೆ ಬಂದು ಒರಗಿದ. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಖಾಲಿ ಹೊಟ್ಟೆಗೆ ಔಷಧಿ ಹಾಕಬಾರದು ಎಂಬುದು ಅವಳ ತಾಯಿ ಹೇಳಿಕೊಟ್ಟಿದ್ದ ಕ್ರಮ. ಬಿಂದು ಉಳಿದ ಮಕ್ಕಳನ್ನು ಕೈ ತೊಳೆಸಲು ಹೊರಗಿನ ನಲ್ಲಿಗೆ ಸಾಲಾಗಿ ಕರೆದುಕೊಂಡು ಹೋಗಿದ್ದಳು. ರತ್ನಮ್ಮ ಮೊಸರನ್ನ ಕಲಸಿ ಶ್ರೇಯಸ್‌ಗೆ ಎರಡು ತುತ್ತು ಕೊಟ್ಟಳು. ಮೂರನೆಯ ತುತ್ತಿಗೆ ಅವನ ಮೈ ಬಿಗಿಯಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಕೈಕಾಲು ಸೆಳೆಯತೊಡಗಿದವು.

ಫಿಟ್ಸ್ ಬಂದಾಗ ನಾಲಿಗೆ ಕಚ್ಚಿಕೊಂಡು ಮಗು ಸಾಯುತ್ತದೆ ಎಂದು ತಿಪಟೂರಿನಲ್ಲಿ ಅವಳು ಕೇಳಿ ಬೆಳೆದಿದ್ದಳು. ಊರಿನಲ್ಲಿ ಬೀಗದಕೈ ಇಡುತ್ತಿದ್ದರು. ಬೀಗದಕೈ ಹುಡುಕಲು ಹೊತ್ತೆಲ್ಲಿದೆ? ತನ್ನ ಬೆರಳನ್ನೇ ಅವನ ಹಲ್ಲುಗಳ ನಡುವೆ ತೂರಿಸಿದಳು. ಹಲ್ಲು ಎಲುಬಿನವರೆಗೆ ಇಳಿಯಿತು. ಅವಳು ಕಿರುಚಲಿಲ್ಲ, ಇನ್ನೊಂದು ಕೈಯಿಂದ ಮಗುವನ್ನು ಮಗ್ಗುಲಾಗಿ ತಿರುಗಿಸಿ ಹಿಡಿದುಕೊಂಡಳು. ಅಷ್ಟರಲ್ಲಿ ಬಿಂದು ಬಾಗಿಲಿಗೆ ಬಂದಳು. ಬಿಂದು ಕಂಡದ್ದು ಇಷ್ಟು: ನೆಲದ ತುಂಬ ಚೆಲ್ಲಿದ ಅನ್ನ, ನೀಲಿಗಟ್ಟಿದ ಮಗುವಿನ ಮುಖ, ಅದರ ಬಾಯಲ್ಲಿ ರಕ್ತ, ಆ ಬಾಯೊಳಗೆ ತನ್ನ ಅಮ್ಮನ ಬೆರಳು.

ಆಸ್ಪತ್ರೆಯಲ್ಲಿ ಮಗು ಎರಡು ದಿನದಲ್ಲಿ ಚೇತರಿಸಿಕೊಂಡಿತು. ವೈದ್ಯರು ರತ್ನಮ್ಮನ ಬೆರಳಿಗೆ ಮೂರು ಹೊಲಿಗೆ ಹಾಕುತ್ತ ಬೈದರು. ಫಿಟ್ಸ್ ಬಂದ ಮಗುವಿನ ಬಾಯಿಗೆ ಏನೂ ಹಾಕಬಾರದು, ಬೆರಳೂ ಹಾಕಬಾರದು, ಮಗ್ಗುಲಾಗಿಸಿ ಸುಮ್ಮನೆ ಕಾಯಬೇಕು. ಜ್ವರ ನೂರಾನಾಲ್ಕಕ್ಕೆ ಏರುವವರೆಗೆ ನಿಮ್ಮ ಶಿಶುವಿಹಾರದಲ್ಲಿ ಯಾರೂ ಮಗುವನ್ನು ಮುಟ್ಟಿಯೇ ನೋಡಲಿಲ್ಲವೇ? ರತ್ನಮ್ಮ ಅಮೂಲ್ಯಳ ಕಡೆ ನೋಡಿದಳು. ಅಮೂಲ್ಯ ಬ್ಯಾಗು ಎತ್ತಿಕೊಂಡು, ಬಾಟಲಿ ಇದೆಯೇ ಎಂದು ಒಳಗೆ ಕೈಯಾಡಿಸಿ ನೋಡಿ, ಜಿಪ್ ಎಳೆದಳು.

ಶುಕ್ರವಾರ ಸಂಜೆಯೊಳಗೆ ಇಡೀ ಟೌನ್‌ಶಿಪ್ಪಿಗೆ ಕತೆ ಸಿದ್ಧವಾಗಿತ್ತು. ಚೆನ್ನಾಗಿದ್ದ ಮಗು, ಆಯಾ ಬಲವಂತವಾಗಿ ಅನ್ನ ತುರುಕಿದಳು, ಬೆರಳಿನಿಂದ ಒಳಕ್ಕೆ ನೂಕಿದಳು, ಉಸಿರು ಕಟ್ಟಿತು, ಆಸ್ಪತ್ರೆಯಲ್ಲಿ ಕಂಡ ಜ್ವರ ಆಮೇಲೆ ಏರಿದ್ದು. ಬೆರಳಿನ ಮೇಲೆ ಹಲ್ಲಿನ ಗುರುತೇ ಇದೆಯಲ್ಲ, ಮಗು ತಡೆಯಲಾರದೆ ಕಚ್ಚಿದೆ. ಇದನ್ನು ಮೊದಲು ಹೇಳಿದ್ದು ಯಾರು ಎಂದು ನಾನು ಹೇಳಬೇಕಾಗಿಲ್ಲ.

ಶನಿವಾರ ನಾಲ್ಕು ಗಂಟೆಗೆ ಮಂಡಳಿಯ ಹಾಲಿನಲ್ಲಿ ವಿಚಾರಣೆ ನಡೆಯಿತು. ರಾಜ್ಯಲಕ್ಷ್ಮಿಯವರು ನಡುವೆ, ಆಚೀಚೆ ನಾಲ್ವರು ಸದಸ್ಯೆಯರು. ಒಂದು ಕಡೆ ನಿರಂಜನ, ಅಮೂಲ್ಯ. ಇನ್ನೊಂದು ಕಡೆ ಕೈಗೆ ಬ್ಯಾಂಡೇಜು ಕಟ್ಟಿಕೊಂಡ ರತ್ನಮ್ಮ, ಪಕ್ಕದಲ್ಲಿ ಬಿಂದು. ಮಾತೆಲ್ಲ ತೆಲುಗಿನಲ್ಲಿ.

ರಾಜ್ಯಲಕ್ಷ್ಮಿಯವರು ರಿಜಿಸ್ಟರ್ ತೆರೆದು ಬೆರಳಿಟ್ಟರು. "ಇದು ನಿನ್ನ ಬರಹವೇ ತಾನೆ? ಬಾಗುಂದಿ ಅಂತ ಬರೆದಿದ್ದೀಯ. ಬೆಳಿಗ್ಗೆ ಮಗು ಚೆನ್ನಾಗಿತ್ತು. ನಿನ್ನ ಕೈಗೆ ಬಂದ ಮೇಲೆ ಕೆಟ್ಟಿತು. ಹೌದೋ ಅಲ್ಲವೋ?"

"ಜ್ವರ ಇತ್ತು ಅಮ್ಮಗಾರೂ. ಬರೆದದ್ದು ತಪ್ಪು, ಒಪ್ಪಿಕೊಳ್ತೀನಿ. ಆಯಮ್ಮ ಬೇಡಿಕೊಂಡಳು, ನಾನು ಕರಗಿದೆ. ನೋಡಿ, ಆಕೆ ಬರೆದ ಚೀಟಿ." ರತ್ನಮ್ಮ ಎಡಗೈಯಲ್ಲಿ ಸೆರಗಿನ ಗಂಟು ಬಿಚ್ಚಿ ಚೀಟಿ ಮುಂದಿಟ್ಟಳು.

ರಾಜ್ಯಲಕ್ಷ್ಮಿಯವರು ಕನ್ನಡಕ ಹಾಕಿಕೊಂಡು ನೋಡಿದರು. "ಅಕ್ಕಾ... ರಾತ್ರಿ... ಮೈ..." ಎಂದು ಎರಡು ಮೂರು ಪದ ಕೂಡಿಸಿದರು. ಅಲ್ಲಿಂದ ಮುಂದೆ ಗಾಡಿ ಹೋಗಲಿಲ್ಲ. ಪಕ್ಕದವರಿಗೆ ಕೊಟ್ಟರು, ಅವರೂ ತಲೆಯಾಡಿಸಿದರು. ಬಿಂದುವಿನ ಕೈಗೆ ಬಂತು. ಬಿಂದು ಚೀಟಿಯನ್ನು ತುಂಬ ಹೊತ್ತು ನೋಡಿದಳು. ಅಮ್ಮನ ಭಾಷೆಯ ನಾಲ್ಕು ಸಾಲು, ಆ ಗಡಿಬಿಡಿಯ ಬರಹದಲ್ಲಿ ಅವಳ ಕಣ್ಣಿಗೂ ಆ ಮೂರು ಪದದಾಚೆ ಏನೂ ದಕ್ಕಲಿಲ್ಲ. ಕಡೆಗೆ ರಾಜ್ಯಲಕ್ಷ್ಮಿಯವರು, "ನಿರಂಜನ್‌ಗಾರೂ, ನೀವೇ ಓದಿ ಹೇಳಿ" ಎಂದು ಅವನ ಮುಂದೆ ನೂಕಿದರು.

ನಿರಂಜನ ಓದಿದ. ಮೊದಲು ಮನಸ್ಸಿನಲ್ಲೇ ಓದಿಕೊಂಡ. ಹೆಂಡತಿಯ ಕಡೆ ಒಂದು ಸಲ ನೋಡಿದ. ಎದುರಿಗೆ ಕೂತಿರುವುದು ತನ್ನ ದೊಡ್ಡ ಅಧಿಕಾರಿಯ ಹೆಂಡತಿ. ತೆಲುಗಿನಲ್ಲಿ ಹೇಳಿದ: "ರಾತ್ರಿ ಮಗು ಸರಿಯಾಗಿ ನಿದ್ದೆ ಮಾಡಿಲ್ಲ. ಎಂಟು ಗಂಟೆಗೆ ಹಾಲು ಹಾಕಿದ್ದೇನೆ. ಹನ್ನೆರಡಕ್ಕೆ ಗ್ರೈಪ್ ವಾಟರ್ ಐದು ಎಂ.ಎಲ್. ಹಾಕಿ. ಅಷ್ಟೇ ಮೇಡಂ. ಜ್ವರ ಅನ್ನೋ ಮಾತೇ ಇಲ್ಲ."

"ಅಬದ್ಧಂ! ಆಯನ ಅಬದ್ಧಂ ಚದುವುತುನ್ನಾರು!" ಸುಳ್ಳು ಓದ್ತಿದ್ದಾರೆ ಎಂದು ರತ್ನಮ್ಮ ಕೂಗಿದಳು. ಆಮೇಲೆ ಅಮೂಲ್ಯಳ ಕಡೆ ತಿರುಗಿ ಕನ್ನಡದಲ್ಲಿ, "ಯೋಳವ್ವಾ. ನಿನ್ನ ಕೈಬರಹ ಅಲ್ವಾ? ನೀನೇ ಓದವ್ವಾ. ಮೈ ಬೆಚ್ಚಗಿತ್ತು ಅಂತ ಬರ್ದಿಲ್ವಾ? ಯಾರ್ಗೂ ಯೋಳ್‌ಬ್ಯಾಡಿ ಅಂತ ಬರ್ದಿಲ್ವಾ?" ಎಂದಳು.

ಅಮೂಲ್ಯ ಮುಖ ಎತ್ತಲಿಲ್ಲ. ತೆಲುಗಿನಲ್ಲಿ, ಅಲ್ಲಿದ್ದ ಎಲ್ಲರಿಗೂ ತಿಳಿಯುವ ಹಾಗೆ, "ಆಯನ ಚದಿವಿಂದೇ ಕರೆಕ್ಟ್" ಅಂದಳು. ಅವರು ಓದಿದ್ದೇ ಸರಿ.

"ಮುಚ್ಚಿಡೋದು ನಿನಗೆ ಹಳೇ ಅಭ್ಯಾಸ" ಎಂದರು ರಾಜ್ಯಲಕ್ಷ್ಮಿ. "ನನ್ನ ಮೊಮ್ಮಗಳನ್ನ ಕಚ್ಚಿದ್ದು ಯಾರು ಅಂತ ಕೇಳಿದಾಗಲೂ ಮುಚ್ಚಿಟ್ಟೆ."

ಆ ಕ್ಷಣಕ್ಕೆ ಒಂದು ಹೆಸರು ಸಾಕಿತ್ತು. ಹೇಳಿಬಿಟ್ಟಿದ್ದರೆ ಹಾಲಿನ ಗಾಳಿಯೇ ತಿರುಗುತ್ತಿತ್ತು. ನಿರಂಜನನ ಹಣೆಯಲ್ಲಿ ಬೆವರು ಮೂಡಿದ್ದನ್ನು ರತ್ನಮ್ಮ ಕಂಡಳು. ನಾನಾಗಿದ್ದರೆ ಹೇಳಿಯೇ ಬಿಡುತ್ತಿದ್ದೆ, ಎದ್ದು ನಿಂತು ಹೇಳುತ್ತಿದ್ದೆ. ಅವಳು ಬಾಯಿ ತೆರೆದಳು. ಆದರೆ ನಾಲಿಗೆಯ ಮೇಲೆ ಬಂದ ಹೆಸರು ಈ ಇಬ್ಬರದಾಗಿರಲಿಲ್ಲ, ರಸ್ಕಿಗೆ ಕೈಯೊಡ್ಡುವ ಹುಡುಗನದಾಗಿತ್ತು. ಆ ಮಗು ಏನು ಮಾಡಿತ್ತು? ಬಾಯಿ ಮುಚ್ಚಿಕೊಂಡಳು.

ಎದ್ದು ಹೋಗುವಾಗ ರಾಜ್ಯಲಕ್ಷ್ಮಿಯವರು ಚೀಟಿಯನ್ನು ಮೇಜಿನ ಮೇಲೇ ಬಿಟ್ಟರು, ಅದರಿಂದ ಇನ್ನೇನು ಆಗಬೇಕಾಗಿತ್ತು! ರತ್ನಮ್ಮ ಎತ್ತಿಕೊಂಡಳು. ತಿಂಗಳ ಕೊನೆಗೆ ಕೆಲಸ ಇಲ್ಲ, ನವೆಂಬರ್ ಮುಗಿಯುವುದರೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಇನ್ನು ಮುಂದೆ ಶಿಶುವಿಹಾರದಲ್ಲಿ ಯಾರೂ ಕೈಯಿಂದ ಉಣ್ಣಿಸಕೂಡದು, ಚಮಚವೇ ಆಗಬೇಕು.

ಮನೆಗೆ ನಡೆದು ಬರುವಾಗ ಬಿಂದು ಕೇಳಿದಳು: "ಅಮ್ಮಾ, ನಿಜವಾಗಿ ಅದರಲ್ಲಿ ಏನಿದೆ?" ರತ್ನಮ್ಮ ರಸ್ತೆಯಲ್ಲೇ ನಿಂತು ಚೀಟಿ ಬಿಚ್ಚಿ ಅಕ್ಷರ ಅಕ್ಷರ ಓದಿ ಹೇಳಿದಳು. ಬಿಂದು ಕೇಳಿಸಿಕೊಂಡಳು. ಅವಳ ಕಣ್ಣ ಮುಂದೆ ಇನ್ನೂ ಆ ಬಾಗಿಲ ದೃಶ್ಯವೇ ಇತ್ತೇನೋ, ಅನ್ನ, ರಕ್ತ, ಬೆರಳು. "ನುವ್ವು ಚದಿವಿಂದಿ ಒಕಟಿ, ಆಯನ ಚದಿವಿಂದಿ ಒಕಟಿ" ಅಂದಳು. ನೀನು ಓದಿದ್ದು ಒಂದು, ಅವರು ಓದಿದ್ದು ಇನ್ನೊಂದು. ಅಷ್ಟೇ ಅಂದು ಮುಂದೆ ನಡೆದಳು. ಕೆಲಸ ಹೋದದ್ದು, ಮನೆ ಹೋದದ್ದು ಆಮೇಲಿನ ಮಾತು. ರತ್ನಮ್ಮನನ್ನು ಕೊಂದದ್ದು ಈ ಒಂದು ಮಾತು.

ಹಾಗಾದರೆ ಇಡೀ ಟೌನ್‌ಶಿಪ್ಪಿನಲ್ಲಿ ಕನ್ನಡ ಓದಬಲ್ಲವರು ಬೇರೆ ಇರಲಿಲ್ಲವೇ? ಇದ್ದರು. ಕನ್ನಡದವರ ಅರವತ್ತು ಮನೆ ಇದ್ದವು, ಒಂದು ಕನ್ನಡ ಸಂಘವೇ ಇತ್ತು. ಆಯಾ ಒಬ್ಬಳನ್ನು ಅಲ್ಲಿಗೆ ಯಾರೂ ಕರೆದಿರಲಿಲ್ಲ, ಅಷ್ಟೇ. ರತ್ನಮ್ಮ ಚೀಟಿ ಹಿಡಿದುಕೊಂಡು ಸಂಘದ ಕಾರ್ಯದರ್ಶಿ ಚಂದ್ರಕಾಂತರ ಮನೆಗೆ ಹೋದಳು. ಧಾರವಾಡದವರು. ರಾಜ್ಯೋತ್ಸವ ಹತ್ತಿರವಿತ್ತು, ವರಾಂಡದಲ್ಲಿ ಹಳದಿ ಕೆಂಪು ಬಟ್ಟೆ ರಾಶಿ ಬಿದ್ದಿತ್ತು. ಅವರು ಚೀಟಿಯನ್ನು ಎರಡು ಸಲ ಓದಿದರು, ನಾಲ್ಕು ಮಡಿಕೆ ಮಾಡಿ ವಾಪಸು ಕೊಟ್ಟರು.

"ನೀವು ಹೇಳೂದು ಖರೆ ಐತ್ರೀ. ಆದ್ರ ಈಗ ನಾ ಹೋಗಿ ಅವರ ಮುಂದ ಇದನ್ನ ಓದಿದ್ರ ಏನಾಕ್ಕೈತಿ ಹೇಳ್ರಿ? ಕನ್ನಡದವ್ರೆಲ್ಲಾ ಸುಳ್ಳಬುರಕರು ಅಂತ ಊರೆಲ್ಲಾ ಆಡಿಕೊಂತಾರ. ನಮ್ಮ ಮಂದೀ ಮರ್ಯಾದೀ ನಾವಽ ಬೀದಿಗೆ ಹಾಕೂದು ಬ್ಯಾಡ್ರೀ."

"ನಾನು ನಿಮ್ಮ ಮಂದಿ ಅಲ್ವಾ ಸ್ವಾಮಿ?" ಎಂದಳು ರತ್ನಮ್ಮ.

ಚಹಾ ಕುಡಿದು ಹೋಗಿ ಎಂದರು. ಅವಳು ಕುಡಿಯಲಿಲ್ಲ. ನವೆಂಬರ್ ಒಂದಕ್ಕೆ ಅವರು ನುಡಿಯ ಹಿರಿಮೆಯ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದರಂತೆ, ಚೆನ್ನಾಗಿತ್ತಂತೆ.

ಮನೆ ಖಾಲಿ ಮಾಡುವ ಹಿಂದಿನ ಮಧ್ಯಾಹ್ನ ಅಮೂಲ್ಯ ಬಂದಳು, ಮಗುವನ್ನು ಕರೆದುಕೊಂಡು. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ರತ್ನಮ್ಮ ತಲೆ ಎತ್ತಿದಳು. ಅಮೂಲ್ಯ ಹೊಸಿಲ ಹೊರಗೇ ನಿಂತು ಅಳುತ್ತ ಹೇಳಿದಳು: "ಅಕ್ಕಾ, ನಂಗೆ ಬೇರೆ ದಾರಿ ಇರ್ಲಿಲ್ಲ. ಇವ್ರ ಪ್ರಮೋಷನ್ ಇತ್ತು, ಇವನ ಸೀಟು ಹೋಗ್ತಿತ್ತು. ನೀವು ಒಳ್ಳೆಯವ್ರು ಅಂತ ನಂಗೊತ್ತು. ಬೈದ್ಬಿಡಿ ಅಕ್ಕಾ. ಏನಾದ್ರೂ ಅನ್ನಿ."

ನೋಡಿ, ಕ್ಷಮೆಯೂ ಕನ್ನಡದಲ್ಲೇ. ಬೇರೆ ಯಾರಿಗೂ ಕೇಳಿಸದ ಹಾಗೆ, ಕೇಳಿಸಿದರೂ ಅರ್ಥವಾಗದ ಹಾಗೆ. ಸುಳ್ಳು ಮಾತ್ರ ಎಲ್ಲರ ಮುಂದೆ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ.

ರತ್ನಮ್ಮ ಗೋಣಿಚೀಲದ ಬಾಯಿ ಕಟ್ಟಿದಳು. "ಮೀರು ಮಾಟ್ಲಾಡೇದಿ ನಾಕು ಅರ್ಥಂ ಕಾವಡಂ ಲೇದಂಡಿ" ಎಂದಳು. ನೀವು ಮಾತಾಡೋದು ನನಗೆ ಅರ್ಥವಾಗುತ್ತಿಲ್ಲ ರೀ. ಅಪರಿಚಿತರಿಗೆ ಹೇಳುವಷ್ಟೇ ಮರ್ಯಾದೆಯಿಂದ ಹೇಳಿದಳು.

ಶ್ರೇಯಸ್ ತಾಯಿಯ ಕೈ ಬಿಡಿಸಿಕೊಂಡು ಒಳಗೆ ಬಂದು ಅವಳ ಬೆರಳು ಹಿಡಿದು ನೋಡಿದ. "ರತ್ನಜ್ಜೀ, ಏನಾಯ್ತು? ಉವ್ವಾ ಆಯ್ತಾ?" ಎಂದ. ಇವನಿಗೂ ತೆಲುಗಿನಲ್ಲೇ ಉತ್ತರ ಕೊಡಬೇಕೆಂದುಕೊಂಡಳು, ಬಾಯಿಯೇ ಬರಲಿಲ್ಲ. ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಅವನನ್ನು ತಿರುಗಿಸಿ ಬಾಗಿಲ ಕಡೆ ಮೆಲ್ಲಗೆ ನೂಕಿದಳು. ಮೆಟ್ಟಿಲಿಳಿಯುವಾಗ ಹುಡುಗ, "ಅಜ್ಜಿಗೆ ಕನ್ನಡ ಮರ್ತೋಯ್ತಾ ಅಮ್ಮಾ?" ಎಂದು ಕೇಳಿದ್ದು ಅವಳಿಗೆ ಕೇಳಿಸಿತು.

ಸ್ವಲ್ಪ ದಿನ ಒನ್ ಟೌನಿನ ಗಂಡನ ಮನೆಯಲ್ಲಿದ್ದರು. ಮರುವರ್ಷ ಬಿಂದುವಿಗೆ ಮದುವೆಯಾಯಿತು. ಗಂಡ ಅನಿಲ್‌ಕುಮಾರ್‌ಗೆ ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನಲ್ಲಿ ಕೆಲಸ. ರತ್ನಮ್ಮ ಅವರ ಜೊತೆಗೇ ಇದ್ದಾಳೆ. ಬಾಣಂತನ ಮಾಡಿದಳು, ಮೊಮ್ಮಗಳು ಹಂಸಾಳನ್ನು ಸಾಕಿದಳು. ಆದರೆ ಮೊಮ್ಮಗಳಿಗೆ ಕೈತುತ್ತು ಕೊಡಲಿಲ್ಲ, ಚಮಚದಲ್ಲೇ ಉಣ್ಣಿಸಿದಳು. ಬಿಂದು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಆ ಶನಿವಾರದ ಮಾತು ಆ ಮನೆಯಲ್ಲಿ ಏಳುವುದೇ ಇಲ್ಲ. ತಾಯಿ ಮಗಳು ಚೆನ್ನಾಗಿಯೇ ಇದ್ದಾರೆ. ರಿಜಿಸ್ಟರಿನಲ್ಲಿ ಬರೆದರೆ ಬಾಗುಂದಿ ಎಂದೇ ಬರೆಯಬೇಕು.

ಹಂಸಾಳಿಗೆ ಮೂರು ವರ್ಷವಾದಾಗ ರತ್ನಮ್ಮ ಒಂದು ಸ್ಲೇಟು ತಂದಳು. ದಿನಾ ಸಂಜೆ ಕೂರಿಸಿಕೊಂಡು ಕನ್ನಡ ಅಕ್ಷರ ತೀಡಿಸತೊಡಗಿದಳು. "ಅತ್ತಯ್ಯಾ, ಇಲ್ಲಿ ಯಾರಿಗೆ ಬೇಕು ಕನ್ನಡ?" ಎಂದು ಅಳಿಯ ನಕ್ಕ. ವಯಸ್ಸಾದ ಮೇಲೆ ತವರಿನ ಭಾಷೆಯ ಮೇಲೆ ಮಮತೆ ಬಂದಿದೆ ಎಂದು ನೆರೆಯವರು ಮೆಚ್ಚಿಕೊಂಡರು. ಮಮತೆಯೂ ಅಲ್ಲ, ಮಣ್ಣೂ ಅಲ್ಲ. ಅವಳಿಗೆ ಬೇಕಾಗಿದ್ದದ್ದು ಒಬ್ಬ ಸಾಕ್ಷಿ. ಯಾರ ಹೆಂಡತಿಯೂ ಅಲ್ಲದ, ಯಾರ ಕೈಕೆಳಗೂ ಇಲ್ಲದ, ಯಾವ ಸಂಘಕ್ಕೂ ಸೇರದ ಒಬ್ಬ ಸಾಕ್ಷಿ.

ಎರಡು ಸಾವಿರದ ಒಂಬತ್ತರ ಒಂದು ಭಾನುವಾರ ಬೆಳಿಗ್ಗೆ, ಐದು ತುಂಬಿದ ಹಂಸಾಳನ್ನು ರತ್ನಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಕೂರಿಸಿಕೊಂಡಳು. ಒಳಗೆ ಬಿಂದು ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದಳು. ರತ್ನಮ್ಮ ತನ್ನ ಡಬ್ಬಿಯಿಂದ ಮಡಿಕೆಯಲ್ಲಿ ಸವೆದ ಒಂದು ಚೀಟಿ ತೆಗೆದು ಮಗುವಿನ ಮುಂದೆ ಹರಡಿದಳು. ಮಿಕ್ಸಿ ನಿಲ್ಲುವವರೆಗೆ ಕಾದಳು.

"ಓದು" ಎಂದಳು.

"ಅ-ಕ್ಕಾ... ರಾ-ತ್ರಿ... ಮೈ... ಬೆ-ಚ್ಚ-ಗಿ-ತ್ತು" ಎಂದು ಹಂಸಾ ಬೆರಳಿಟ್ಟು ಓದಿದಳು. ಒಂದೊಂದೇ ಅಕ್ಷರ ಜೋಡಿಸಿಕೊಂಡು, ಎಂಟಕ್ಕೆ ಹಾಕಿದ್ದು, ಹನ್ನೆರಡಕ್ಕೆ ಹಾಕಬೇಕಾದ್ದು, ಎಲ್ಲ ಓದಿದಳು. ಕಡೆಯ ಸಾಲು ಅವಳಿಗೆ ಸಲೀಸಾಗಿ ಬಂತು: "ಯಾರಿಗೂ ಹೇಳಬೇಡಿ."

ಮೈ ಬೆಚ್ಚಗಿದೆ ಎಂಬ ಮಾತು ಬಿಂದುವಿಗೆ ಗೊತ್ತು. ಚಿಕ್ಕಂದಿನಲ್ಲಿ ಪ್ರತಿ ಜ್ವರಕ್ಕೂ ಅಮ್ಮ ಹಣೆ ಮುಟ್ಟಿ ಹೇಳುತ್ತಿದ್ದ ಮಾತು ಅದು. ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಏಳು ವರ್ಷದ ಹಿಂದೆ ಇನ್ನೊಂದು ಬಾಗಿಲಲ್ಲಿ ನಿಂತ ಹಾಗೆಯೇ.

"ಅಮ್ಮಮ್ಮಾ, ಏನು ಹೇಳಬಾರದು?" ಎಂದು ಹಂಸಾ ಕೇಳಿದಳು.

"ಅಮ್ಮಾ..." ಎಂದಳು ಬಿಂದು.

ರತ್ನಮ್ಮ ಮಗಳ ಕಡೆ ತಿರುಗಲಿಲ್ಲ. ಮಡಚದ ಬೆರಳನ್ನು ಚೀಟಿಯ ಮೊದಲ ಅಕ್ಷರದ ಮೇಲೆ ಇಟ್ಟಳು.

"ಇನ್ನೊಂದ್ಸಲ ಓದು ಮಗಾ" ಎಂದಳು. "ಮೊದ್ಲಿಂದ ಓದು. ಜೋರಾಗಿ."